ಮಗಳ ಹೆಸರಲ್ಲಿ ಆಶ್ರಮ ಕಟ್ಟಿಸಬೇಕು ಅಂದುಕೊಂಡಿದ್ದೇವೆ, ಅನುಭವ ಇರುವವರು ಹೇಳಿ

ಕೇಳಿದವರು: ಚಿಂತಾಮಣಿ ಕಡೆಯ ಒಬ್ಬ ತಾಯಿ

ನಮ್ಮ ಮಗಳು ಹೋಗಿ ಎಂಟು ತಿಂಗಳಾಯಿತು. ಒಂಬತ್ತು ವರ್ಷದವಳು. ಬ್ಲಡ್ ಕ್ಯಾನ್ಸರ್. ಬೆಂಗಳೂರಿಗೆ ಎರಡು ವರ್ಷ ಓಡಾಡಿದೆವು. ನಾವು ಕೈವಾರ ತಾತಯ್ಯನವರ ಭಕ್ತರು, ಊರಲ್ಲಿ ಭಜನೆ ಗುಂಪಿದೆ. ಗುರುಪೂರ್ಣಿಮೆ ಹೊತ್ತಿಗೆ ಮಗಳ ಹೆಸರಲ್ಲಿ ಟ್ರಸ್ಟ್ ಮಾಡಿ, ನಮ್ಮ ಸೈಟಿನಲ್ಲೇ ಅನಾಥ ಮಕ್ಕಳಿಗೆ ಆಶ್ರಮ ಕಟ್ಟಿಸೋಣ ಅಂತಾರೆ ಮನೆಯವರು. ಕೈಯಲ್ಲಿ ಆರು ಲಕ್ಷ ಇದೆ. ಎಲ್ಲಿಂದ ಶುರು ಮಾಡಬೇಕು? ಈ ದಾರಿಯಲ್ಲಿ ನಡೆದವರಿದ್ದರೆ ದಯವಿಟ್ಟು ಹೇಳಿ.

ತುಮಕೂರಿನಿಂದ

ತಂಗಿ, ನನ್ನ ಮಗನಿಗೂ ಅದೇ ಕಾಯಿಲೆ. ಆರು ವರ್ಷ ಅವನಿಗೆ. 2016ರಲ್ಲಿ ಹೋದ. ಟ್ರಸ್ಟ್ ಮಾಡಿದ್ದು 2018ರಲ್ಲಿ.

ಆಶ್ರಮದ ವಿಷಯ ಮೊದಲು ಹೇಳಿಬಿಡುತ್ತೇನೆ, ನಾವೂ ಅಲ್ಲಿಂದಲೇ ಹೊರಟವರು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಪ್ರಸಾದಕ್ಕೆ ಕೂರುವುದನ್ನು ಹುಟ್ಟಿದಾಗಿನಿಂದ ನೋಡಿದವರು ನಾವು. ದೊಡ್ಡ ಸ್ವಾಮೀಜಿ ಅಷ್ಟು ಮಕ್ಕಳನ್ನು ಸಾಕಿದರು, ನಾವು ಹತ್ತು ಮಕ್ಕಳನ್ನು ಸಾಕಲಾರೆವಾ ಅನ್ನಿಸಿತು. ನಮ್ಮವರು ಪಾಯವನ್ನೂ ತೆಗೆಸಿದ್ದರು. ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಿದಾಗ ಗೊತ್ತಾಗಿದ್ದು: ಪೋಷಣೆ, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ನೋಂದಣಿ ಆಗಲೇಬೇಕು. ಇಲ್ಲದಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಎರಡೂ ಆಗಬಹುದು. ಯಾರೋ ಬಾಗಿಲಿಗೆ ತಂದುಬಿಟ್ಟ ಮಗುವನ್ನು ನಾವೇ ಇಟ್ಟುಕೊಳ್ಳುವ ಹಾಗಿಲ್ಲ. 24 ಗಂಟೆಯೊಳಗೆ ತಿಳಿಸಬೇಕು, ಎಲ್ಲಿರಬೇಕು ಅನ್ನುವುದನ್ನು ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನ ಮಾಡುತ್ತದೆ. ರಾತ್ರಿ ಜೊತೆಗಿರುವವರು, ಅಡುಗೆಯವರು, ಆಪ್ತಸಮಾಲೋಚಕರು, ಲೆಕ್ಕಪತ್ರ, ತಪಾಸಣೆ. ಆರು ಲಕ್ಷ ಗೋಡೆ ಏಳುವುದರೊಳಗೇ ಮುಗಿಯುತ್ತದೆ ತಂಗಿ.

ಆದರೆ ನನ್ನನ್ನು ತಡೆದದ್ದು ಕಾಯ್ದೆಯಲ್ಲ. ನಾವು ಆಶ್ರಮ ಮಾಡುತ್ತೇವೆ ಅಂತ ಸುದ್ದಿ ಹಬ್ಬಿ ಐದು ಮಕ್ಕಳನ್ನು ಕರೆತಂದು ತೋರಿಸಿದರು. ಐದಕ್ಕೂ ತಾಯಿ ಇದ್ದಳು. ಗಂಡ ಸತ್ತು ಗಾರ್ಮೆಂಟ್ಸಿಗೆ ಹೋಗುವವಳು, ಗಂಡ ಬಿಟ್ಟು ಕೂಲಿಗೆ ಹೋಗುವವಳು. ಆ ಮಕ್ಕಳಿಗೆ ಬೇಕಾಗಿದ್ದು ತಾಯಿಯ ಹತ್ತಿರವೇ ಉಳಿಯುವ ದಾರಿ. ಸರ್ಕಾರದ ಮಿಷನ್ ವಾತ್ಸಲ್ಯದಲ್ಲಿ ಇಂಥವರಿಗೇ ಪ್ರಾಯೋಜಕತ್ವ ಅಂತ ತಿಂಗಳಿಗೆ 4,000 ರೂಪಾಯಿ ಇದೆ. ಎಷ್ಟೋ ತಾಯಂದಿರಿಗೆ ಅರ್ಜಿ ಬರೆಯಲು ಬರದು, ಕಚೇರಿಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಆ ಅರ್ಜಿ ಬರೆಸಿ, ಜೊತೆಗೆ ಹೋಗಿ ನಿಲ್ಲುವುದೂ ಈಗ ನಮ್ಮ ಕೆಲಸ.

ಇನ್ನೊಂದು ಮಾತು, ಹೇಳಲು ಗಂಟಲು ಕಟ್ಟುತ್ತದೆ. ಆ ಐವರಲ್ಲಿ ಒಬ್ಬ ಹುಡುಗ ನಮ್ಮ ಮಗನ ಎತ್ತರಕ್ಕೇ ಇದ್ದ. ಅವನಿಗೆ ನನ್ನ ಮಗನ ಸ್ವೆಟರ್ ಹಾಕಿ ನೋಡಿದೆ. ಅವನ ತಾಯಿ ಅಲ್ಲೇ ನಿಂತಿದ್ದಳು. ನಾನು ಹುಡುಕುತ್ತಿದ್ದದ್ದು ನನ್ನ ಮಗನನ್ನು ಅಂತ ಆವತ್ತು ಗೊತ್ತಾಯಿತು. ಹೆತ್ತ ಹೊಟ್ಟೆ ಹಾಗೆಲ್ಲ ಮಾಡಿಸುತ್ತದೆ, ತಪ್ಪು ಅಂತ ಹೇಳುತ್ತಿಲ್ಲ. ಆ ಭಾರ ಇನ್ನೊಬ್ಬರ ಮಗುವಿನ ಮೇಲೆ ಬೀಳಬಾರದು. ಪಾಯ ಮುಚ್ಚಿಸಿದೆವು. ನಿಮಗೆ ಎಂಟೇ ತಿಂಗಳು. ವರ್ಷದ ಕಾರ್ಯ ಕಳೆಯುವವರೆಗೂ ಯಾವ ಪತ್ರಕ್ಕೂ ಸಹಿ ಹಾಕಬೇಡಿ ಅಂತ ಅಕ್ಕನಾಗಿ ಬೇಡಿಕೊಳ್ಳುತ್ತೇನೆ.

ಹಾಗಾದರೆ ಏನು ಮಾಡುವುದು? ನೀವು ಎರಡು ವರ್ಷ ಓಡಾಡಿದಿರಲ್ಲ, ಆಗ ಯಾವುದಕ್ಕೆ ಕಷ್ಟಪಟ್ಟಿರೋ ಅದನ್ನೇ ನೆನಪು ಮಾಡಿಕೊಳ್ಳಿ. ಚಿಕಿತ್ಸೆಗೆ ಆಯುಷ್ಮಾನ್ ಕಾರ್ಡ್ ಇತ್ತು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಬಸ್ ಚಾರ್ಜಿಗೆ? ಬೆಂಗಳೂರಲ್ಲಿ ಉಳಿಯುವುದಕ್ಕೆ? ಮನೆಯಲ್ಲಿ ಬಿಟ್ಟುಬಂದ ಚಿಕ್ಕ ಮಗುವಿಗೆ? ಈ ಚಿಕಿತ್ಸೆ ಎರಡೂವರೆ, ಮೂರು ವರ್ಷ ಎಳೆಯುತ್ತದೆ. ಮಗು ಚೇತರಿಸಿಕೊಂಡಂತೆ ಕಂಡಾಗ ಕೂಲಿಯವರು ಮಧ್ಯದಲ್ಲೇ ನಿಲ್ಲಿಸಿಬಿಡುತ್ತಾರೆ, ಕಾಯಿಲೆ ತಿರುಗಿ ಬರುತ್ತದೆ. ಹಾಗಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಜಿಲ್ಲೆಯಿಂದ ಹೋಗುವ ಮಕ್ಕಳ ತಾರೀಖುಗಳನ್ನು ನಾವೊಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಹಿಂದಿನ ದಿನ ಫೋನ್ ಮಾಡುತ್ತೇವೆ, ಚಾರ್ಜು ಕೊಡುತ್ತೇವೆ, ಬುತ್ತಿ ಕಟ್ಟಿಕೊಡುತ್ತೇವೆ. ಈ ಮಕ್ಕಳಿಗೆ ಏರಿಸುವ ಪ್ಲೇಟ್ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಐದು ದಿನಕ್ಕಿಂತ ಹೆಚ್ಚು ಇಡಲಾಗದು, ಅದಕ್ಕೆ ದಾನಿಗಳ ಪಟ್ಟಿ ಇಟ್ಟಿದ್ದೇವೆ. ಕೀಮೋ ಆಗುತ್ತಿರುವ ಮಗುವಿಗೆ ಜ್ವರ 100.4 ಮುಟ್ಟಿದರೆ ಬೆಳಗಿನವರೆಗೆ ಕಾಯಬಾರದು ಅಂತ ಪ್ರತಿ ಮನೆಗೂ ಹೇಳಿ, ಒಂದೊಂದು ಥರ್ಮಾಮೀಟರ್ ಕೊಡುತ್ತೇವೆ. ಇದೇ ನಮ್ಮ ದಾಸೋಹ.

ದೇವರ ವಿಷಯ. ಮೊದಲ ವರ್ಷ ಎಲ್ಲ ಮಕ್ಕಳ ಹಣೆಗೂ ವಿಭೂತಿ ಹಚ್ಚುತ್ತಿದ್ದೆ, ಪ್ರೀತಿಯಿಂದಲೇ. ಶಿರಾ ಕಡೆಯ ಒಬ್ಬ ಮುಸ್ಲಿಂ ತಾಯಿ ಏನೂ ಅನ್ನಲಿಲ್ಲ, ಆದರೆ ಮುಂದಿನ ಸಲ ಬುತ್ತಿಗೆ ಬರಲಿಲ್ಲ. ನಾನೇ ಹುಡುಕಿಕೊಂಡು ಹೋದೆ. ಈಗ ವಿಭೂತಿ ನನ್ನ ಹಣೆಯ ಮೇಲೆ ಮಾತ್ರ. ಬುತ್ತಿ ಕಟ್ಟುವ ಮುಂಚೆ ಇಷ್ಟಲಿಂಗ ಪೂಜೆ ಮುಗಿಸುತ್ತೇನೆ, ಅದಿಲ್ಲದೆ ನನಗೆ ಕೈ ಓಡುವುದಿಲ್ಲ.

ಮಕ್ಕಳ ಫೋಟೋ ವಾಟ್ಸಾಪಿಗೆ ಹಾಕಬೇಡಿ. ಕೂದಲು ಉದುರಿದ ಮಗುವಿನ ಫೋಟೋಗೆ ದುಡ್ಡು ಬೇಗ ಬರುತ್ತದೆ, ನಾವೂ ಒಂದು ಸಲ ಹಾಕಿದ್ದೆವು. ಆ ಹುಡುಗಿ ಗುಣವಾಗಿ ಶಾಲೆಗೆ ಹೋದಾಗ ಅದೇ ಫೋಟೋ ಸಹಪಾಠಿಗಳ ಮೊಬೈಲಿನಲ್ಲಿತ್ತು.

ಚಿಕ್ಕಬಳ್ಳಾಪುರದಿಂದ

ನಾನು ಲೆಕ್ಕ ಬರೆಯುವವನಮ್ಮ, ಅದಷ್ಟನ್ನೇ ಹೇಳುತ್ತೇನೆ. ಸೊಸೈಟಿ, ಅಂದರೆ ಸಂಘ ಅಂತ ನೋಂದಣಿ ಮಾಡಿಸಲು ಏಳು ಜನ ಬೇಕು. ನಿಮ್ಮಂಥವರಿಗೆ ಟ್ರಸ್ಟ್ ಸುಲಭ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್, ಅಂದರೆ ಟ್ರಸ್ಟ್ ಪತ್ರದ ನೋಂದಣಿ. ಟ್ರಸ್ಟ್ ಹೆಸರಲ್ಲಿ ಪ್ಯಾನ್, ಬೇರೆ ಬ್ಯಾಂಕ್ ಖಾತೆ. ಒಂದು ರೂಪಾಯಿಯೂ ಮನೆಯ ಖಾತೆಗೆ ಬರಕೂಡದು. ಡೀಡಿನಲ್ಲಿ ಒಂದು ಧರ್ಮದ, ಒಂದು ಜಾತಿಯ ಮಕ್ಕಳಿಗೆ ಅಂತ ಬರೆಸಿದರೆ ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ (80ಜಿ ಅನ್ನುತ್ತಾರೆ) ಸಿಗದು. ಧಾರ್ಮಿಕ ಖರ್ಚು ವರ್ಷದ ಆದಾಯದ ಶೇ. 5 ದಾಟಬಾರದು, ಆದ್ದರಿಂದ ಭಜನೆ, ಪೂಜೆಯ ಖರ್ಚನ್ನು ಭಜನೆ ಗುಂಪೇ ನೋಡಿಕೊಳ್ಳಲಿ. 2,000ಕ್ಕಿಂತ ಹೆಚ್ಚು ನಗದು ಕೊಟ್ಟವರಿಗೆ ತೆರಿಗೆ ವಿನಾಯಿತಿ ಇಲ್ಲ, ಮೊದಲೇ ಹೇಳಿಬಿಡಿ.

ಕೋಲಾರದಿಂದ

ಅಮ್ಮಾ, ನಮ್ಮ ಹುಡುಗ ಕೃಷಿಹೊಂಡಕ್ಕೆ ಬಿದ್ದು ಹೋದ. ಹನ್ನೆರಡು ವರ್ಷ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಪಾಚಿ ಕಟ್ಟಿ ಜಾರುತ್ತದೆ, ಈಜು ಬಂದವರಿಗೂ ಹತ್ತಲಾಗುವುದಿಲ್ಲ. ನಮ್ಮ ಕಡೆ ಮಕ್ಕಳು ನೀರನ್ನೇ ನೋಡದೆ ಬೆಳೆದವರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬಂದು ಕೆರೆಗಳೂ ತುಂಬಿದವು, ಈಜು ಕಲಿಸುವವರಿಲ್ಲ.

ನಮ್ಮ ಚರ್ಚಿನ ಪ್ರಾರ್ಥನೆ ಗುಂಪಿನ ಎಂಟು ಜನ ಸೇರಿ ಹೊಂಡಗಳಿಗೆ ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಹಳೇ ಟ್ಯೂಬ್ ಕಟ್ಟಿಕೊಂಡು ಬರುತ್ತೇವೆ. ಮೊದಮೊದಲು ಚರ್ಚಿನವರಿಗೆ ಇಲ್ಲೇನು ಕೆಲಸ ಅಂತ ರೈತರು ಕೇಳಿದರು. ಕೇಳುವುದು ನ್ಯಾಯವೇ. ಪ್ರಾರ್ಥನೆ ಮನೆಯಲ್ಲಿ ಮುಗಿಸಿ ಹೋಗುತ್ತೇವೆ, ಹೊಂಡದ ಹತ್ತಿರ ಹಗ್ಗ ಕಟ್ಟುತ್ತೇವೆ. ಈಗ ಅವರೇ ಫೋನ್ ಮಾಡುತ್ತಾರೆ.

ಮಗಳ ಹೆಸರಿಡುವ ಬಗ್ಗೆ ಮಾತ್ರ ಯೋಚನೆ ಮಾಡಿ. ಒಂದು ಶಾಲೆಯ ಕಾರ್ಯಕ್ರಮದಲ್ಲಿ ನಮ್ಮ ಹುಡುಗನ ಹೆಸರನ್ನು ಮೈಕಿನಲ್ಲಿ ನಾಲ್ಕೈದು ಸಲ ಕೂಗಿದರು. ನನಗೆ ಹೆಮ್ಮೆ ಆಯಿತು. ಮನೆಗೆ ಬಂದು ನನ್ನ ಹೆಂಡತಿ ಎರಡು ದಿನ ಊಟ ಮಾಡಲಿಲ್ಲ. ಆ ಹೆಸರು ನನ್ನ ಬಾಯಲ್ಲಿ ಇರಲಿ ಅಂದಳು. ಬೋರ್ಡು ಬದಲಾಯಿಸಿದೆವು. ನಮ್ಮ ರಸೀದಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ನಿಮ್ಮ ಮನೆಯವರು ಡೀಡ್ ಬರೆಸುವ ಮುಂಚೆ ನಿಮಗೆ ಹೇಗನ್ನಿಸುತ್ತದೆ ಅಂತ ಅವರಿಗೆ ಹೇಳಿ ಅಮ್ಮಾ.