ಗೇಮ್‌ಗೂ ಸಿನಿಮಾಗೂ ಎರಡು ಮಾನಿಟರ್: ಯಾವುದು ಸರಿ?

ಪ್ರಶ್ನೆ, ಶಿವಮೊಗ್ಗ: ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಇದೆ, ಮೇಜು ನಾಲ್ಕಡಿ. ಒಂದೇ ತರಹದ 27 ಇಂಚಿನ ಎರಡು ಮಾನಿಟರ್ ತಗೊಳ್ಳೋದಾ, ಬೇರೆ ಬೇರೆಯದಾ?

ಉತ್ತರ, ಸಾಗರ: ಬೇರೆ ಬೇರೆ ತಗೊಳ್ಳಿ ಸರ್. ಎರಡನ್ನೂ ಸೇರಿಸಿ ಗೇಮ್ ಆಡಿದರೆ ನಡುವಿನ ಅಂಚುಪಟ್ಟಿ ಸರಿಯಾಗಿ ಗುರಿ ಇಡೋ ಜಾಗಕ್ಕೇ ಬರುತ್ತೆ. ಗೇಮಿಗೆ ಎದುರಿಗೆ 27 ಇಂಚಿನ 1440ಪಿ (2560×1440 ಚುಕ್ಕಿ), 165 ಹರ್ಟ್ಸ್ (ಸೆಕೆಂಡಿಗೆ 165 ಸಲ ಚಿತ್ರ ಬದಲಾಗೋದು) ಐಪಿಎಸ್ ಪ್ಯಾನೆಲ್ಲಿನದು ಇಡಿ. 4060ಗೆ 4ಕೆ (ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಚುಕ್ಕಿ) ಗೇಮ್ ಭಾರ. ಸಿನಿಮಾಗೆ 4ಕೆ ವಿಎ ಪ್ಯಾನೆಲ್. ಐಪಿಎಸ್, ವಿಎ ಎರಡೂ ಪರದೆಯ ಬಗೆಗಳು. ಐಪಿಎಸ್ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಹೊಳಪಿನ ಅನುಪಾತ) ಸುಮಾರು 1000:1, ವಿಎ 3000:1ರ ಆಸುಪಾಸು, ಹಾಗಾಗಿ ರಾತ್ರಿ ದೃಶ್ಯಗಳು ಬೂದು ಬೂದಾಗಿ ಕಾಣಲ್ಲ. ಆದರೆ ಅಗ್ಗದ ವಿಎಯಲ್ಲಿ ವೇಗದ ಗೇಮ್ ಆಡಿದರೆ ಕಪ್ಪು ಎಳೆದ ಹಾಗೆ ಬರುತ್ತೆ. 27 ಇಂಚಿನದು ಅಗಲ ಸುಮಾರು 61 ಸೆಂ.ಮೀ., ಎರಡಿಟ್ಟರೆ ನಿಮ್ಮ ಮೇಜು ಭರ್ತಿ. ಮಾನಿಟರ್ ಹಿಡಿಯೋ ಆರ್ಮ್ ಹಾಕೋದಾದರೆ ಹಿಂದೆ ವೆಸಾ ತೂತು (ಸ್ಕ್ರೂ ಹಾಕೋ ನಿಗದಿತ ಅಳತೆಯ ತೂತು) ಇದೆಯಾ ನೋಡಿ.

ತೀರ್ಥಹಳ್ಳಿ: ಎರಡೂ ಕೇಬಲ್ ಕಾರ್ಡಿಗೇ ಹಾಕಿ, ಮದರ್‌ಬೋರ್ಡಿಗಲ್ಲ. ಗೇಮಿನದಕ್ಕೆ ಡಿಸ್‌ಪ್ಲೇಪೋರ್ಟ್. ವಿಂಡೋಸ್ ಎಷ್ಟೋ ಸಲ 60 ಹರ್ಟ್ಸ್‌ನಲ್ಲೇ ಬಿಟ್ಟಿರುತ್ತೆ. ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ 165 ಆರಿಸಿ. ನಮ್ಮ ಕಡೆ ಸಿಡಿಲಿನ ಕಾಲಕ್ಕೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಿ, ಇಂಟರ್ನೆಟ್ಟಿನ ಲ್ಯಾನ್ ಕೇಬಲ್ಲನ್ನೂ. ಅದರ ಮೂಲಕ ಬಂದ ಸರ್ಜ್ (ದಿಢೀರ್ ಏರೋ ವೋಲ್ಟೇಜ್) ಕೂಡ ಬೋರ್ಡ್ ಸುಡುತ್ತೆ.

ಶಿವಮೊಗ್ಗ: ಸಿನಿಮಾದ್ದನ್ನು ಗೋಡೆಗೆ ಹಾಕಬಹುದಾ?

ಸಾಗರ: ಹಾಕಿ, ಆದರೆ ಒಳಗೋಡೆಗೆ. ಮಳೆ ಹೊಡೆಯೋ ಹೊರಗೋಡೆ ಆಷಾಢದಲ್ಲಿ ತೇವ ಹಿಡಿಯುತ್ತೆ.