ನಡುವೆ ಮಾತ್ರ ಸ್ಟಿಚ್ ಬಿಡುತ್ತೆ, ಸೂಜಿ ಎಲ್ಲಾ ಬದಲಿಸಬೇಕಾ?

ಪ್ರಶ್ನೆ, ಮಂಡ್ಯದಿಂದ:
ನಮಸ್ಕಾರ ಸಾರ್. ನಮ್ಮ ಅತ್ತೆಯವರ ಹಳೇ ಬ್ರದರ್ ನಿಟ್ಟಿಂಗ್ ಮಷಿನ್ ಇದೆ. ಪಂಚ್ ಕಾರ್ಡ್ ಮಾಡೆಲ್, 200 ಸೂಜಿ. ಬಹಳ ವರ್ಷ ಅಟ್ಟದ ಮೇಲಿತ್ತು. ಮಗನಿಗೆ ಸ್ಕೂಲ್ ಸ್ವೆಟರ್ ಹಾಕೋಣ ಅಂತ ಇಳಿಸಿದೆ. ಎರಡೂ ಪಕ್ಕ ಚೆನ್ನಾಗಿ ಬರುತ್ತೆ, ನಡುವೆ ಮಾತ್ರ ಸ್ಟಿಚ್ ಬಿಡುತ್ತೆ. ಸೂಜಿ ಸಾಲಿನ ಮೇಲೆ ಆಚೀಚೆ ಓಡಿಸೋ ಕ್ಯಾರೇಜ್ ಕೂಡ ಬಿಗಿ. ಇಲ್ಲಿ ರಿಪೇರಿಯವರೊಬ್ಬರು ಸೂಜಿ ಅಷ್ಟೂ ಬದಲಿಸಬೇಕು ಅಂದರು. ನಿಜಾನಾ? ಬಿಗಿ ಸಡಿಲವಾಗಲಿ ಅಂತ ಮನೆಯವರು ಕೊಬ್ಬರಿ ಎಣ್ಣೆ ಬಿಟ್ಟಿದ್ದಾರೆ.

ಉತ್ತರ, ಮೈಸೂರಿನ ಮಷಿನ್ ರಿಪೇರಿಯವರಿಂದ:
ಸೂಜಿಗೆ ಈಗಲೇ ದುಡ್ಡು ಹಾಕಬೇಡಿ ಅಮ್ಮ. ಮೊದಲು ಸ್ಪಂಜ್ ಬಾರ್ ಎಳೆದು ನೋಡಿ. ಸೂಜಿ ಸಾಲಿನ ಮೇಲೆ ಅಡ್ಡಕ್ಕೆ ತೂರಿಸಿರೋ ಉದ್ದನೆಯ ತಗಡಿನ ಪಟ್ಟಿ ಅದು. ಬೆಡ್, ಅಂದರೆ ಸೂಜಿಗಳು ಕೂತಿರೋ ಉದ್ದನೆಯ ಹಾಸು, ಅದರ ಒಂದು ತುದಿಯಿಂದ ಸ್ಕ್ರೂಡ್ರೈವರ್‌ನಲ್ಲಿ ಸ್ವಲ್ಪ ತಳ್ಳಿದರೆ ಇನ್ನೊಂದು ತುದಿಯಲ್ಲಿ ಕೈಗೆ ಸಿಗುತ್ತೆ. ಅದರ ಒಳಮುಖಕ್ಕೆ ಸ್ಪಂಜ್ ಇರುತ್ತೆ. ಸೂಜಿಗಳನ್ನು ಬೆಡ್‌ಗೆ ಒತ್ತಿ ಹಿಡಿಯೋದು ಆ ಸ್ಪಂಜೇ. ಅದು ಚಪ್ಪಟೆ ಆದರೆ ಸೂಜಿ ಮೇಲಕ್ಕೆ ಏಳುತ್ತೆ, ಕೊಕ್ಕೆಗೆ ದಾರ ಸರಿಯಾಗಿ ಸಿಗಲ್ಲ, ಸ್ಟಿಚ್ ಬೀಳುತ್ತೆ. ಎದ್ದ ಸೂಜಿ ಕ್ಯಾರೇಜ್‌ಗೂ ತಗುಲುತ್ತೆ.

ನಡುವೆ ಮಾತ್ರ ಯಾಕೆ ಅಂದರೆ, ಎಲ್ಲರೂ ಹೆಣೆಯೋದು ನಡುಭಾಗದಲ್ಲೇ ಅಲ್ವಾ? ಅಲ್ಲಿನ ಸ್ಪಂಜ್ ಮೊದಲು ಸಾಯುತ್ತೆ. ಬಾರನ್ನು ಅಡ್ಡ ಹಿಡಿದು ನೋಡಿ. ಸ್ಪಂಜ್ ತಗಡಿನ ಅಂಚಿಗಿಂತ ಉಬ್ಬಿರಬೇಕು. ಅಂಚಿನ ಮಟ್ಟಕ್ಕೆ ಇಳಿದಿದ್ದರೆ ಅದರ ಕಥೆ ಮುಗಿಯಿತು.

ಕೊಬ್ಬರಿ ಎಣ್ಣೆ ಮಾತ್ರ ದಯವಿಟ್ಟು ಬೇಡ. 24 ಡಿಗ್ರಿಗಿಂತ ಚಳಿ ಬಿದ್ದರೆ ಗಟ್ಟಿಯಾಗುತ್ತೆ. ಡಿಸೆಂಬರ್ ಬೆಳಿಗ್ಗೆ ಬಚ್ಚಲಲ್ಲಿ ಎಣ್ಣೆ ಬಾಟಲು ನೋಡಿದ್ದೀರಲ್ಲ, ಕ್ಯಾರೇಜ್ ಒಳಗೂ ಅದೇ ಆಗೋದು. ಕ್ಯಾರೇಜ್ ಬಿಚ್ಚಿ ಮಗುಚಿ ಹಾಕಿ. ಹಳೇ ಟೂತ್ ಬ್ರಷ್‌ಗೆ ಸರ್ಜಿಕಲ್ ಸ್ಪಿರಿಟ್ ಹಚ್ಚಿ, ಕಂದು ಬಣ್ಣದ ಜಿಡ್ಡು ಪೂರ್ತಿ ಬಿಡೋವರೆಗೆ ಉಜ್ಜಿ. ಒಣಗಿದ ಮೇಲೆ ಸಿಂಗರ್ ಮಷಿನ್‌ಗೆ ಬಿಡ್ತೀವಲ್ಲ, ಆ ತೆಳು ಎಣ್ಣೆ ಬಟ್ಟೆಗೆ ಮುಟ್ಟಿಸಿ ಒರೆಸಿದರೆ ಸಾಕು. ಶುರುವಿಗೆ ಬೇಡದ ದಾರದಲ್ಲಿ ಒಂದಷ್ಟು ಸಾಲು ಹೆಣೀರಿ, ಇಲ್ಲಾಂದರೆ ಸ್ವೆಟರ್‌ಗೆ ಎಣ್ಣೆ ಕಲೆ.

ಮತ್ತೆ ಮಂಡ್ಯದಿಂದ:
ಬಾರ್ ಎಳೆದೆ ಸಾರ್. ಸ್ಪಂಜ್ ಅಂತ ಏನೂ ಉಳಿದಿಲ್ಲ, ಕರೀ ಅಂಟು ಅಷ್ಟೇ. ಹೊಸದು ಸಿಗುತ್ತಾ?

ಉತ್ತರ:
ಬ್ರದರ್‌ನವರು ಈ ಮಷಿನ್ ಮಾಡೋದನ್ನೇ ನಿಲ್ಲಿಸಿ ಬಹಳ ವರ್ಷವಾಯಿತು. ಬೇರೆಯವರು ಮಾಡಿದ ಬಾರ್ ಆನ್‌ಲೈನಲ್ಲಿ ಸಿಗುತ್ತೆ, ಆದರೆ ತಗಡು ನೆಟ್ಟಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಅಂಟನ್ನು ಸ್ಪಿರಿಟ್‌ನಲ್ಲಿ ನೆನೆಸಿ ಹಳೇ ಎಟಿಎಂ ಕಾರ್ಡಿನಿಂದ ಕೆರೆಯಿರಿ. ಉಗುರುಬಣ್ಣ ತೆಗೆಯೋ ದ್ರಾವಣ ತಗಡಿಗೆ ಪರವಾಗಿಲ್ಲ, ಮಷಿನ್ನಿನ ಪ್ಲಾಸ್ಟಿಕ್‌ಗೆ ತಾಗಿದರೆ ಪ್ಲಾಸ್ಟಿಕ್ ಕರಗುತ್ತೆ. ಕಿಟಕಿ ಸಂದಿಗೆ ಅಂಟಿಸೋ ಫೋಮ್ ಟೇಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಅದನ್ನು ತಗಡಿನ ಅಗಲಕ್ಕೆ ಕತ್ತರಿಸಿ ಕೂರಿಸಿ. ಮೇಲೆ ತೆಳು ರಿಬ್ಬನ್ ಅಂಟಿಸಿ, ಬರೀ ಫೋಮ್ ಆದರೆ ಸೂಜಿ ಜಾರಲ್ಲ.

ವಾಪಸ್ ತೂರಿಸುವಾಗ ಎಲ್ಲಾ ಸೂಜಿಯೂ ಪೂರ್ತಿ ಹಿಂದಕ್ಕಿರಲಿ, ಸ್ಪಂಜ್ ಕೆಳಮುಖವಾಗಿರಲಿ. ಮುಂದಿನ ಸೂಜಿಗಳನ್ನು ಸ್ಕೇಲಿನಿಂದ ಅದುಮುತ್ತಾ ನಿಧಾನಕ್ಕೆ ತಳ್ಳಿ. ತಡೆದರೆ ಗುದ್ದಬೇಡಿ, ಎಲ್ಲೋ ಒಂದು ಸೂಜಿ ತಲೆ ಎತ್ತಿರುತ್ತೆ. ಕೆಲಸ ಇಲ್ಲದ ತಿಂಗಳುಗಳಲ್ಲಿ ಬಾರ್ ಹೊರಗೆ ತೆಗೆದಿಡಿ, ಸ್ಪಂಜ್ ಜಾಸ್ತಿ ದಿನ ಬರುತ್ತೆ.

ಪ್ರಶ್ನೆ, ಕುವೆಂಪುನಗರದಿಂದ:
ಅಣ್ಣ, ಮಧ್ಯೆ ಕೇಳ್ತಿದ್ದೀನಿ. ಮಳೆಗಾಲದಲ್ಲಿ ನನ್ನ ನಿಟ್ಟಿಂಗ್ ಮಷಿನ್ನಿನ ತೂಕದ ಕೊಕ್ಕೆ, ಬಾಚಣಿಗೆ, ಸ್ಟಿಚ್ ದಾಟಿಸೋ ಟೂಲ್ ಎಲ್ಲಾ ತುಕ್ಕು ಹಿಡಿದಿವೆ. ಸ್ಯಾಂಡ್ ಪೇಪರ್ ಹಾಕಲಾ?

ಉತ್ತರ:
ಒರಟು ಪೇಪರ್ ಬೇಡಮ್ಮ, ಗೀರು ಬಿದ್ದು ದಾರ ಸಿಕ್ಕಿಕೊಳ್ಳುತ್ತೆ. ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಒರಟು ಬಟ್ಟೆಯಲ್ಲಿ ಉಜ್ಜಿ. ಟೂಲಿನ ತುದಿ ಸೊಟ್ಟಗಾಗಿದ್ದರೆ ಅದು ಹೋಯಿತು ಅಂತಲೇ ಲೆಕ್ಕ. ಇಟ್ಟುಕೊಂಡರೆ ಸೂಜಿಯ ಲ್ಯಾಚ್, ಅಂದರೆ ಕೊಕ್ಕೆ ಮುಚ್ಚೋ ಪುಟ್ಟ ನಾಲಿಗೆಯನ್ನು ಬಾಗಿಸುತ್ತೆ. ಎತ್ತಿಡುವಾಗ ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಇರೋ ಡಬ್ಬಿಗೆ ಹಾಕಿ. ಔಷಧಿ ಬಾಟಲಲ್ಲಿ ಬರೋ ಸಿಲಿಕಾ ಪೊಟ್ಟಣ ಬಿಸಾಡಬೇಡಿ, ಅದೇ ಡಬ್ಬಿಗೆ ಹಾಕಿ.

ಬ್ರಷ್ ವಿಷಯ ಯಾರೂ ಕೇಳಲಿಲ್ಲ, ನಾನೇ ಹೇಳ್ತೀನಿ. ನನ್ನ ಹತ್ತಿರ ಬರೋ ಕ್ಯಾರೇಜ್‌ಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಕೆಟ್ಟಿರುತ್ತವೆ. ಕ್ಯಾರೇಜ್‌ನ ಮುಂದಿನ ತಗಡಿನ ಅಡಿಯಲ್ಲಿ ಪುಟ್ಟ ಬ್ರಷ್, ರಬ್ಬರ್ ಚಕ್ರ ಇರುತ್ತವೆ. ಅದರ ಅಚ್ಚಿಗೆ ಉಲ್ಲನ್ ನೂಲು, ತಲೆಗೂದಲು ಸುತ್ತಿಕೊಂಡು ಉಂಡೆ ಆಗಿರುತ್ತೆ. ಸ್ಕ್ರೂ ಬಿಚ್ಚಿ ಚಿಮಟದಲ್ಲಿ ಕೀಳಿ. ಬೆರಳು ತಾಗಿಸಿದರೆ ಗಿರ್ರನೆ ತಿರುಗಬೇಕು. ರಬ್ಬರ್‌ಗೆ ಮಾತ್ರ ಎಣ್ಣೆ ಸೋಕಿಸಬೇಡಿ.

ಮಂಡ್ಯದಿಂದ:
ಸಾರ್, ಹೊಸ ಫೋಮ್ ಹಾಕಿದೆ. ನಡುವೆ ಈಗ ನೀಟಾಗಿ ಬರ್ತಿದೆ. ಆದರೆ ನಡುವಿನಿಂದ ಎಡಗಡೆಗೆ ಎಣಿಸಿದರೆ 14ನೇ ಸೂಜಿ ಮಾತ್ರ ಪ್ರತಿ ಸಾಲಲ್ಲೂ ಬಿಡುತ್ತೆ.

ಉತ್ತರ:
ಒಂದೇ ಜಾಗದಲ್ಲಿ ಬಿಟ್ಟರೆ ಅದು ಸೂಜಿಯ ತಪ್ಪೇ. ಬಾರನ್ನು 14 ದಾಟೋವರೆಗೆ ಎಳೆದು, ಆ ಸೂಜಿಯನ್ನು ಪೂರ್ತಿ ಮುಂದಕ್ಕೆ ತಳ್ಳಿ. ಲ್ಯಾಚ್ ಮುಚ್ಚಿ ಕೊಕ್ಕೆ ಭಾಗವನ್ನು ಕೆಳಕ್ಕೆ ಅದುಮಿದರೆ ಬಾಲ ಮೇಲೇಳುತ್ತೆ, ಹಿಂದಕ್ಕೆ ಎಳೆದುಕೊಳ್ಳಿ. ಎಡ ತುದಿಯ 100ನೇ ಸೂಜಿ ಅಷ್ಟು ಅಗಲ ಹೆಣೆಯದೆ ಸುಮ್ನೆ ಕೂತಿರುತ್ತೆ, ಅದನ್ನು ತಂದು 14ಕ್ಕೆ ಹಾಕಿ. ಕೆಟ್ಟ ಸೂಜಿಯನ್ನು 100ರ ಜಾಗಕ್ಕೆ ಹಾಕಬೇಡಿ, ಜಾಗ ಖಾಲಿಯೇ ಇರಲಿ. ಮಗನ ಸ್ವೆಟರ್‌ಗೆ ಅಷ್ಟು ತುದಿಯವರೆಗೆ ಹೋಗೋದೇ ಬೇಕಿಲ್ಲ.