ಸಹಾಯ ಬೇಕು: ಅಪ್ಪಯ್ಯನಿಗೆ ದಿನಕ್ಕೆ ಎಷ್ಟು ಕ್ಯಾಲೊರಿ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪಯ್ಯನಿಗೆ 78 ವರ್ಷ, ಎತ್ತರ 160 ಸೆಂ.ಮೀ., ತೂಕ 54 ಕಿಲೊ. ಮಳೆಗಾಲ ಕಳೆದ ಮೇಲೆ ತೂಕ ಇಳಿಯುತ್ತಲೇ ಇದೆ. ಸಕ್ಕರೆ, ಥೈರಾಯ್ಡ್ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಊಟ ಹೆಚ್ಚಿಸಿ ಎಂದರು ವೈದ್ಯರು. ಎಷ್ಟು ಹೆಚ್ಚಿಸಬೇಕು?

ತೂಕ, ಎತ್ತರ, ವಯಸ್ಸು ನೋಡಿ ಲೆಕ್ಕ ಹಾಕುವ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದ ಪ್ರಕಾರ ಸುಮ್ಮನೆ ಮಲಗಿದ್ದರೂ ಅವರ ದೇಹಕ್ಕೆ ದಿನಕ್ಕೆ ಸುಮಾರು 1155 ಕ್ಯಾಲೊರಿ ಬೇಕು. ಅದನ್ನು ಚಟುವಟಿಕೆಯ ಮಟ್ಟದಿಂದ, ಅಂದರೆ ದಿನವಿಡೀ ಮೈಗೆ ಎಷ್ಟು ಕೆಲಸ ಎಂದು ತೋರಿಸುವ ಸಂಖ್ಯೆಯಿಂದ, ಗುಣಿಸಬೇಕು. ತೊಡಕಿರುವುದು ಇಲ್ಲಿಯೇ. 1.4 ಹಿಡಿದರೆ 1617, 1.7 ಹಿಡಿದರೆ 1960 ದಾಟುತ್ತದೆ. ವಯಸ್ಸಾದವರು ತಾನೇ, 1.4 ಸಾಕು ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಬೆಳಿಗ್ಗೆ ತೋಟಕ್ಕೆ ಇಳಿದು, ಬಿದ್ದ ಅಡಿಕೆಯನ್ನು ಹೆಡಿಗೆ ತುಂಬ ಹೆಕ್ಕಿಕೊಂಡು ದರೆ ಹತ್ತಿ ಬರುತ್ತಾರೆ. ಕೈಗೆ ಕಟ್ಟಿದ ವಾಚು ಹೆಜ್ಜೆ ಎಣಿಸುತ್ತದೆ, ಹೊರೆಯ ಭಾರ ಅದಕ್ಕೆ ತಿಳಿಯುವುದಿಲ್ಲ. ಮಧ್ಯಾಹ್ನ ಮೆಟ್ಟುಗತ್ತಿಯ ಮುಂದೆ ಕುಳಿತು ಗಂಟೆಗಟ್ಟಲೆ ಅಡಿಕೆ ಸುಲಿದರಂತೂ ಲೆಕ್ಕಕ್ಕೆ ಒಂದು ಹೆಜ್ಜೆಯೂ ಸೇರುವುದಿಲ್ಲ.

ಮನೆಯ ಹಿರಿಯರ ದಿನಚರಿಯನ್ನು ಗಂಟೆವಾರು ಬರೆದಿಟ್ಟು ಈ ಮಟ್ಟ ಕಂಡುಕೊಂಡವರು ಯಾರಾದರೂ ಇದ್ದೀರಾ? ಶಿವಮೊಗ್ಗದಲ್ಲಿ ತಾಳ್ಮೆಯಿಂದ ಕುಳಿತು ನೋಡಿಕೊಡುವ ಆಹಾರ ತಜ್ಞರಿದ್ದರೆ ದಯವಿಟ್ಟು ತಿಳಿಸಿ. ಒಮ್ಮೆಗೆ ಹೆಚ್ಚು ಊಟ ಅವರಿಗೆ ಸೇರುವುದಿಲ್ಲ. ಬೆಳಗಿನ ಗಂಜಿಗೆ ತುಪ್ಪವಲ್ಲದೆ ಇನ್ನೇನು ಸೇರಿಸಬಹುದು ಎಂಬುದನ್ನೂ ಹೇಳಿ.